ಸರದಿಗೊಂದು ನಿಮಿಷ

ನಾಲ್ಕನೆಯ ನಿಯಮವನ್ನು ಅವನು ಬೆಳಗಿನಿಂದ ಹತ್ತು ಸಲವಾದರೂ ಓದಿದ್ದ. ಅದರಲ್ಲಿ ಎಲ್ಲಿಯೂ ಭಾವನ ಹೆಸರಿರಲಿಲ್ಲ. ‘ಹೊಡೆದಾಟದಲ್ಲಿ ಪ್ರತಿಯೊಬ್ಬರಿಗೂ ಸರದಿಗೆ ಒಂದೇ ನಿಮಿಷ. ಅಷ್ಟರೊಳಗೆ ಏನು ಮಾಡುವುದೆಂದು ಹೇಳದಿದ್ದರೆ ಅವರ ಪಾತ್ರ ಆ ಸುತ್ತಿನಲ್ಲಿ ಸುಮ್ಮನೆ ನಿಂತಿರುತ್ತದೆ.’ ‘ಪ್ರತಿಯೊಬ್ಬರಿಗೂ’ ಎಂಬುದಕ್ಕೆ ಅಡಿಗೆರೆ ಎಳೆದಿದ್ದ. ಈಗ ನೋಡಿದರೆ ಆ ಅಡಿಗೆರೆಯೇ ಬೆರಳು ಮಾಡಿ ಒಬ್ಬರನ್ನು ತೋರಿಸುವಂತೆ ಕಂಡಿತು. ನಿಜವಾಗಿ ಎಲ್ಲರಿಗೂ ಸೇರಿದ ಮಾತಾಗಿದ್ದರೆ ಅದಕ್ಕೆ ಅಡಿಗೆರೆ ಯಾಕೆ ಬೇಕಿತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡು ಅಡಿಗೆರೆ ತೆಗೆದು ಹಾಳೆಯನ್ನು ಮತ್ತೆ ಮುದ್ರಿಸಲು ಹೊರಟ. ಪ್ರಿಂಟರಿನ ಶಾಯಿ ಮುಗಿದಿತ್ತು. ಭಾನುವಾರದ ಮಧ್ಯಾಹ್ನ ಮಕ್ಕಳಿಗೆ ಈಜು ಕಲಿಸಲು ಹೋಗುವ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಆಟ ಆಡೋಕೂ ಸುತ್ತೋಲೆ ಹೊರಡಿಸ್ತಾರಾ?" ಅಂದಳು. ಅವಳು ನಗುತ್ತಲೇ ಅಂದದ್ದು. ಅವನಿಗೆ ಮೈಯೆಲ್ಲ ಉರಿಯಿತು.

ಇದು ಮಕ್ಕಳಾಟವಲ್ಲ ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳುವುದು. ನಾಲ್ಕು ಜನ ಮೇಜಿನ ಸುತ್ತ ಕೂತು ಒಂದು ಕಥೆಯನ್ನು ಬಾಯಲ್ಲೇ ನಡೆಸುತ್ತಾರೆ. ಮೂವರಿಗೆ ಒಂದೊಂದು ಪಾತ್ರ. ನಾಲ್ಕನೆಯವನಾದ ಅವನಿಗೆ ಉಳಿದ ಪ್ರಪಂಚವೆಲ್ಲ, ಅಂದರೆ ಕೋಟೆ, ಕಾವಲುಗಾರರು, ಗಾಳಿ, ಕತ್ತಲೆ, ದಾರಿ ತಪ್ಪಿಸುವ ಮುದುಕಿಯರು. ಮಾತಿನಲ್ಲಿ ಮುಗಿಯದ್ದು ಕೈಗೆ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಿ ಏಟು ಬಿತ್ತೋ ತಪ್ಪಿತೋ ನೋಡುತ್ತಾರೆ. ಬಿದ್ದರೆ ಇನ್ನೊಂದು ದಾಳ ಉರುಳಿಸಿ ಎಷ್ಟು ಪೆಟ್ಟಾಯಿತೆಂದು ಎಣಿಸುತ್ತಾರೆ. ಆಮೇಲೆ ಪಕ್ಕದವರ ಸರದಿ. ಇಷ್ಟೇ. ಇಷ್ಟರಲ್ಲೇ ಮುಗಿದಿದ್ದರೆ ಅವನು ನಿಯಮ ಯಾಕೆ ಬರೆಯುತ್ತಿದ್ದ. ಸೇತುವೆಯ ಮೇಲೆ ಎಂಟು ಕಾವಲುಗಾರರ ಜೊತೆ ಶುರುವಾದ ಹೊಡೆದಾಟ ಮೂರು ಭಾನುವಾರ ಕಳೆದರೂ ಮುಗಿದಿರಲಿಲ್ಲ; ಕಥೆಯೊಳಗಿನ ಗಡಿಯಾರದಲ್ಲಿ ಅದಕ್ಕೆ ಅರ್ಧ ನಿಮಿಷವೂ ಆಗಿರಲಿಲ್ಲ. ಸೇತುವೆಯ ಆಚೆ ಅವನು ಎರಡು ತಿಂಗಳು ಕಷ್ಟಪಟ್ಟು ಕಟ್ಟಿದ ಊರೊಂದಿತ್ತು. ಅಲ್ಲೊಬ್ಬ ಲಂಚ ತಿನ್ನದ, ಅದಕ್ಕೇ ಎಲ್ಲರಿಗೂ ಬೇಡವಾದ ನ್ಯಾಯಾಧೀಶನಿದ್ದ. ಮೂರು ವಾರದಿಂದ ಆ ಬಡಪಾಯಿ ಕಾಯುತ್ತಲೇ ಇದ್ದ. ಕಳೆದ ವಾರ ಔಷಧಿ ಅಂಗಡಿಯವಳು, ಮೇಜಿನ ಸುತ್ತ ಇರುವವರಲ್ಲಿ ಎಲ್ಲರಿಗಿಂತ ಚುರುಕಿನವಳು, ಐದಕ್ಕೆ ಅಂಗಡಿ ತೆಗೆಯಬೇಕಾದವಳು, "ನನ್ನ ಸರದಿ ಬರೋಷ್ಟರಲ್ಲಿ ನನಗೆ ಮೊಮ್ಮಕ್ಕಳು ಆಗಿರ್ತವೆ" ಎಂದು ಚೀಲ ಹೆಗಲಿಗೇರಿಸಿದ್ದಳು. ಡ್ರಾಯಿಂಗ್ ಮೇಷ್ಟ್ರು ಕೂತಲ್ಲೇ ತೂಕಡಿಸಿ ಕನ್ನಡಕವನ್ನು ಚಹಾದ ಲೋಟಕ್ಕೆ ಬೀಳಿಸಿಕೊಂಡಿದ್ದರು. ಆಟ ಒಡೆಯುವುದಕ್ಕೆ ಇನ್ನೇನು ಬೇಕು.

ಎಲ್ಲ ಭಾವನಿಂದ. ಭಾವನ ಪಾತ್ರ ಈಟಿ ಹಿಡಿದ ಒಬ್ಬ ಮುದಿ ಸಿಪಾಯಿ. ಸರದಿ ಬಂದಾಗ ಉಳಿದವರು ‘ಹೊಡೀತೀನಿ’ ಎಂದು ದಾಳ ಉರುಳಿಸುತ್ತಾರೆ. ಭಾವ ಮೊದಲು ಎರಡೂ ಅಂಗೈಯನ್ನು ಮೇಜಿನ ಮೇಲೆ ಹರವಿ, ಅಲ್ಲಿ ಇಲ್ಲದ ಸುಕ್ಕನ್ನು ಸವರುತ್ತಾರೆ. ಆಮೇಲೆ ಕೇಳುತ್ತಾರೆ: "ಅವನು ಹಾಕಿರೋ ಕೋಟು ಎಂಥ ಬಟ್ಟೇದು?"

"ಬಟ್ಟೆ ಯಾವುದಾದ್ರೇನು ಭಾವ, ತಿವೀತೀರೋ ಇಲ್ವೋ ಹೇಳಿ."

"ದಪ್ಪ ಉಣ್ಣೆ ಆದ್ರೆ ಈಟಿ ಸುಲಭಕ್ಕೆ ಹೋಗಲ್ಲಪ್ಪ. ಹೊಲಿಗೆ ಇರೋ ಕಡೆ ತಿವೀಬೇಕು. ಕಂಕುಳ ಹತ್ರ ತೋಳು ಕೂಡಿಸಿರ್ತಾರಲ್ಲ, ಅದು ಈ ಕಡೆಗಿದೆಯಾ ಅಂತ ಕೇಳ್ದೆ."

ಕೋಟಿನ ವಿಚಾರಣೆ ಮುಗಿದರೆ ಸೇತುವೆಯ ಹಲಗೆ ಒದ್ದೆಯೋ ಒಣವೋ. ಬಿಸಿಲು ಕಣ್ಣಿಗೆ ಬೀಳುತ್ತದೋ ಬೆನ್ನಿಗೋ. ಆ ಕಾವಲುಗಾರ ಎಡಗೈಯವನೋ. ಹನ್ನೆರಡು ನಿಮಿಷ, ಹದಿನಾಲ್ಕು ನಿಮಿಷ. ಕೊನೆಗೆ ದಾಳ ಉರುಳಿಸಿದರೆ ಮೂರು ಬೀಳುತ್ತದೆ, ಏಟು ತಪ್ಪುತ್ತದೆ, ಭಾವ "ಹೋಗ್ಲಿ ಬಿಡು" ಎಂದು ಸಮಾಧಾನವಾಗಿ ಚಹಾ ಕುಡಿಯುತ್ತಾರೆ. ಆ ಸಮಾಧಾನ ನೋಡಿದರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೈಗಡಿಯಾರ ನೋಡಬಾರದೆಂದು ಎಷ್ಟು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ಅವನಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ: ಹೊಲಿಯುವವರ ಬೆನ್ನ ಹಿಂದೆ ನಿಂತು ಅವರ ಕೈ ಎಷ್ಟು ಹೊತ್ತಿಗೆ ಎಷ್ಟು ಮಾಡಿತೆಂದು ಅಳೆಯುವುದು. ಕಾಲರಿಗೆ ಮೂವತ್ತೆಂಟು ಸೆಕೆಂಡು, ತೋಳಿಗೆ ಐವತ್ತೆರಡು, ಒಂದು ಕಾಜಾಕ್ಕೆ ಏಳು. ಅವನು ಬೆನ್ನ ಹಿಂದೆ ಬಂದು ನಿಂತರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಅವನ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಅವನಿಗೊಂದು ಅಡ್ಡಹೆಸರೂ ಇತ್ತು: ಟಿಕ್‌ಟಿಕ್. ಹಾಗೆಂದು ಅವನ ಎದುರಿಗೆ ಯಾರೂ ಕರೆದವರಲ್ಲ. ಒಮ್ಮೆ ಮೆಟ್ಟಿಲ ಮೇಲೆ ಹೋಗುವಾಗ ಕೆಳಗಿಂದ ಕೇಳಿಸಿತು, ಕೇಳಿಸಲಿಲ್ಲವೆಂಬಂತೆ ಹತ್ತಿಹೋದ.

ಭಾವನನ್ನು ಆಟಕ್ಕೆ ಕರೆದುಕೋ ಎಂದವಳು ಅಕ್ಕ. ಎಂಟು ತಿಂಗಳ ಹಿಂದೆ ಫೋನು ಮಾಡಿ, ಮೊದಲು ಅದೂ ಇದೂ ಮಾತಾಡಿ, ಆಮೇಲೆ ದನಿ ತಗ್ಗಿಸಿ ಅಂದಿದ್ದಳು: "ಬೆಳಿಗ್ಗೆಯಿಂದ ಸಂಜೆವರೆಗೂ ಒಂದು ಮಾತಿಲ್ಲ ಕಣೋ. ಕೇಳಿದ್ರೆ ಹೂಂ ಅಂತಾರೆ, ಉಹೂಂ ಅಂತಾರೆ. ನಿನ್ನ ಆ ದಾಳದ ಆಟಕ್ಕಾದ್ರೂ ಕರ್ಕೊಂಡು ಹೋಗು. ಮನುಷ್ಯರ ಜೊತೆ ಕೂತ್ರೆ ಬಾಯಿ ಬಿಟ್ಟಾರು." ಒಲ್ಲೆ ಎನ್ನುವ ಧೈರ್ಯ ಅವನಿಗೆಲ್ಲಿತ್ತು. ಕರೆದ. ಮೊದಲ ಎರಡು ವಾರ ಭಾವ ತಮ್ಮ ಹಾಳೆಯನ್ನು ನೋಡುತ್ತ ಕೂತಿದ್ದರು. ಮೂರನೆಯ ವಾರ ಒಂದು ಕೋಟಿನ ಬಟ್ಟೆ ಯಾವುದೆಂದು ಕೇಳಿದರು. ಅವತ್ತು ಸಂಜೆಯೇ ಅಕ್ಕ ಮತ್ತೆ ಫೋನು ಮಾಡಿ, ದಾರಿಯುದ್ದಕ್ಕೂ ಮನೆಗೆ ಬಂದ ಮೇಲೂ ಅದೇ ಕೋಟು ಈಟಿ ಎಂದು ಒಂದೇ ಸಮನೆ ಹೇಳುತ್ತಿದ್ದಾರೆ, ನಿನಗೆ ಪುಣ್ಯ ಬರಲಿ ಎಂದು ಅತ್ತಿದ್ದಳು. ಈಗ ಆ ಮಾತನ್ನೇ ಒಂದು ನಿಮಿಷಕ್ಕೆ ಕತ್ತರಿಸಿ, ಅದಕ್ಕೊಂದು ಆರನೆಯ ನಿಯಮ ಬೇರೆ ಸೇರಿಸಿದ್ದ: ‘ವರ್ಣನೆ ಬೇಡ. ಯಾರಿಗೆ, ಯಾವುದರಿಂದ. ಅಷ್ಟೇ ಸಾಕು.’ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಎಷ್ಟು ಯೋಚಿಸಿದರೂ ಹೊಳೆದದ್ದು ಇಷ್ಟೇ. ಭಾವನನ್ನು ಪಕ್ಕಕ್ಕೆ ಕರೆದು ‘ಸ್ವಲ್ಪ ಬೇಗ’ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಯಾರಾದರೂ ಹೇಳುತ್ತಿದ್ದರು. ಅವನೊಬ್ಬ ಮಾತ್ರ ಆ ಮನುಷ್ಯನಿಗೆ ಆ ಮಾತು ಹೇಳುವ ಹಾಗಿರಲಿಲ್ಲ.

ಯಾಕೆಂದರೆ ಒಮ್ಮೆ ಹೇಳಿಯಾಗಿತ್ತು, ಬಾಯಲ್ಲಲ್ಲ, ಕಾಗದದಲ್ಲಿ. ಭಾವ ಅದೇ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಇಪ್ಪತ್ತಾರು ವರ್ಷ. ಬಟ್ಟೆಯ ಸುರುಳಿ ಬಿಚ್ಚಿ ಉದ್ದನೆಯ ಮೇಜಿನ ಮೇಲೆ ಹಾಸಿ, ಗುರುತು ಹಾಕಿ, ಕತ್ತರಿಸುವುದು ಅವರ ಕೆಲಸ. ಕತ್ತರಿಸುವ ವಿಭಾಗ ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಇಬ್ಬರೂ ಒಂದೇ ಸೂರಿನಡಿ ಇದ್ದರೂ ಗೇಟಿನ ಹತ್ತಿರ ಮಾತ್ರ ಸಿಗುತ್ತಿದ್ದರು. ಎರಡು ವರ್ಷದ ಹಿಂದೆ ಮ್ಯಾನೇಜರು ಅವನನ್ನು ಕರೆದು, ಬ್ಲೇಡಿನ ಯಂತ್ರ ತರಿಸುತ್ತಿದ್ದೇವೆ, ಅದಕ್ಕೆ ಮೊದಲು ಕೈಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾಗಬೇಕು, ಎದುರಿಗೆ ನಿಂತರೆ ಜನ ಅವಸರ ಮಾಡುತ್ತಾರೆ, ಮೇಲಿನ ಗಾಜಿನ ಕೋಣೆಯಿಂದ ನೋಡಿ ಬರೆದುಕೊಡಿ ಎಂದರು. ‘ಅವರು ನಮ್ಮ ಭಾವ’ ಎಂದು ಅವನು ಹೇಳಬೇಕಿತ್ತು. ಮ್ಯಾನೇಜರಿಗೆ ಗೊತ್ತಿತ್ತು ಎನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಗೊತ್ತಿದ್ದೇ ಕರೆದಿದ್ದಾರೆ, ಇವನೇನು ಮಾಡುತ್ತಾನೆ ನೋಡೋಣ ಎಂದು ಕರೆದಿದ್ದಾರೆ ಅನಿಸಿ ಹಟ ಬಂತು. ಮೇಲೆ ಹೋಗಿ ನಿಂತ. ಭಾವ ಬೇರೆ ದಿನ ಒಂದು ಸುರುಳಿಯನ್ನು ಎಂಟು ನಿಮಿಷದಲ್ಲಿ ಮುಗಿಸುತ್ತಿದ್ದರೆಂದು ಅಲ್ಲಿಯ ಹುಡುಗಿಯರು ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಅವತ್ತು ಹಾಸಿದ್ದೇ ಹಾಸಿದ್ದು, ಸವರಿದ್ದೇ ಸವರಿದ್ದು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಇವತ್ತೇ ಯಾಕೆ ಹೀಗೆ ಎಂದು ಗಾಜಿನ ಹಿಂದೆ ನಿಂತು ಹಲ್ಲು ಕಡಿದ. ಇನ್ನೊಂದು ದಿನ ನೋಡಬಹುದಿತ್ತು. ನೋಡಲಿಲ್ಲ. ಭಾವನೆಂದು ಬೇರೆ ನ್ಯಾಯ ಮಾಡಿದ ಎಂದು ಯಾರೂ ಅನ್ನಬಾರದು ಎಂದು ಆ ಹನ್ನೊಂದು ನಿಮಿಷ ನಲವತ್ತನ್ನೇ ಬರೆದುಕೊಟ್ಟ. ಆರು ತಿಂಗಳಿಗೆ ಯಂತ್ರ ಬಂತು. ಭಾವನಿಗೆ ಒಂದು ಗಡಿಯಾರ, ಅದೂ ಗೋಡೆ ಗಡಿಯಾರ, ಕೊಟ್ಟು ಇನ್ನು ಆರಾಮಾಗಿರಿ ಎಂದರು. ಅಕ್ಕನಿಗೆ ಇದು ಗೊತ್ತಿಲ್ಲ. ಭಾವನಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ. ಗೊತ್ತಾದರೆ ಭಾವ ಈ ಮೇಜಿಗೆ ಮತ್ತೆ ಬರುವುದಿಲ್ಲ, ಆ ಮನೆಯಲ್ಲಿ ಮತ್ತೆ ಮಾತು ನಿಲ್ಲುತ್ತದೆ, ಅಕ್ಕ ಇವನ ಮುಖ ನೋಡುವುದಿಲ್ಲ. ಎಂಟು ತಿಂಗಳಿಂದ ಅದು ನುಂಗಲೂ ಆಗದ ಉಗುಳಲೂ ಆಗದ ತುತ್ತಾಗಿತ್ತು.

ಎರಡೂವರೆಗೆ ಮೂವರೂ ಬಂದರು. ಲಿಫ್ಟು ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ ಮೇಷ್ಟ್ರು ಏದುಸಿರು ಬಿಡುತ್ತಿದ್ದರು. ಭಾವ ತಮ್ಮ ವಾಡಿಕೆಯಂತೆ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ನಡುವೆ ಇಟ್ಟು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅಡಿಗೆರೆಯ ಹಾಳೆಯನ್ನೇ ಅವನು ಎಲ್ಲರಿಗೂ ಹಂಚಿದ. ಗಟ್ಟಿಯಾಗಿ ಓದಿದ. ಏಟಿನ ದಾಳ, ಪೆಟ್ಟಿನ ದಾಳ ಎರಡನ್ನೂ ಒಟ್ಟಿಗೇ ಉರುಳಿಸಬೇಕು. ಶತ್ರುಗಳಿಗೆ ಪೆಟ್ಟಿನ ದಾಳ ಬೇಡ, ಏಟು ಬಿದ್ದರೆ ಐದು ಅಂತ ಹಿಡಿಯುವುದು. ಶತ್ರುಗಳಲ್ಲಿ ಅರ್ಧ ಜನ ಬಿದ್ದರೆ ಉಳಿದವರು ಓಡಿಹೋಗುತ್ತಾರೆ. ನಾಲ್ಕನೆಯದನ್ನು ಓದುವಾಗ ದನಿ ಯಾಕೋ ಸಣ್ಣದಾಗಿ, ಕೆಮ್ಮಿ ಸರಿಮಾಡಿಕೊಂಡು, ಮತ್ತೆ ಮೊದಲಿಂದ ಓದುವ ಹಾಗಾಯಿತು. ಹಾಗೆ ನಾಲ್ಕನೆಯದನ್ನು ಮಾತ್ರ ಎರಡು ಸಲ ಓದಿದಂತಾಯಿತು.

"ಅಬ್ಬ, ಈಗ ಬುದ್ಧಿ ಬಂತು" ಅಂದಳು ಔಷಧಿ ಅಂಗಡಿಯವಳು.

"ನಿಮಿಷ ಅಂದ್ರೆ ಯಾರು ನೋಡೋರು?" ಎಂದು ಮೇಷ್ಟ್ರು ಕೇಳಿದರು.

"ನಾನೇ" ಅಂದ.

"ಅವನಿಗೆ ಅಭ್ಯಾಸ ಇದೆ" ಅಂದರು ಭಾವ. ಬರೀ ಮಾತಿಗೆ ಮಾತು ಸೇರಿಸಿದ ಹಾಗೆ. ಅವನು ತಟ್ಟನೆ ಅವರ ಮುಖ ನೋಡಿದ. ಭಾವ ಹಾಳೆಯನ್ನು ಎರಡು ಮಡಿಕೆ ಮಾಡಿ, ಮಡಿಕೆಯ ಗೆರೆಯನ್ನು ಉಗುರಿನಿಂದ ತೀಡಿ, ಜೇಬಿಗಿಟ್ಟುಕೊಂಡರು.

ಹೊಡೆದಾಟ ಶುರುವಾಯಿತು. ಔಷಧಿ ಅಂಗಡಿಯವಳು ಎರಡು ದಾಳವನ್ನೂ ಒಟ್ಟಿಗೆ ಉರುಳಿಸಿ ಒಬ್ಬ ಕಾವಲುಗಾರನನ್ನು ಹೊಳೆಗೆ ಕೆಡವಿದಳು. ಮೇಷ್ಟ್ರು ಹೇಳಬೇಕಾದದ್ದನ್ನು ಮರೆತು ಐವತ್ತು ಸೆಕೆಂಡು ‘ಅಂದ್ರೆ, ಅಂದ್ರೆ’ ಎನ್ನುತ್ತ ಕೊನೆಗೆ ಬಾಣ ಬಿಟ್ಟರು. ಭಾವನ ಸರದಿ. ಅವನು ಗಡಿಯಾರದ ಮೇಲೆ ಕಣ್ಣಿಟ್ಟಿದ್ದ. ಮೀರಿದರೆ ಏನು ಮಾಡುವುದು, ‘ನಿಮ್ಮ ಸಿಪಾಯಿ ನಿಂತಿದ್ದಾನೆ ಭಾವ’ ಎಂದು ಯಾವ ಬಾಯಲ್ಲಿ ಹೇಳುವುದು, ಮೊದಲ ಸಲವಲ್ಲವೇ ಎಂದು ಹದಿನೈದು ಸೆಕೆಂಡು ಬಿಟ್ಟುಕೊಟ್ಟರೆ ಔಷಧಿ ಅಂಗಡಿಯವಳು ಸುಮ್ಮನಿರುತ್ತಾಳೆಯೇ ಎಂದು ಲೆಕ್ಕ ಹಾಕುತ್ತಿದ್ದ. "ಹತ್ತಿರದವನಿಗೆ. ಈಟಿ" ಎಂದು ಕೇಳಿಸಿತು. ದಾಳಗಳು ಆಗಲೇ ಮೇಜಿನ ಮೇಲೆ ನಿಂತಿದ್ದವು. ಹದಿನಾರು, ಏಳು. ನಾಲ್ಕು ಸೆಕೆಂಡು.

ಮುಂದಿನ ಸುತ್ತಿನಲ್ಲೂ "ಹತ್ತಿರದವನಿಗೆ. ಈಟಿ." ಆಮೇಲೂ ಅದೇ. ಅಂಗೈ ಮೇಜನ್ನು ಸವರಲಿಲ್ಲ. ಯಾರ ಕೋಟು ಉಣ್ಣೆಯದು, ಯಾರದು ನಾರಿನದು ಎಂದು ಯಾರಿಗೂ ತಿಳಿಯಲಿಲ್ಲ. ನಾಲ್ಕನೆಯ ಕಾವಲುಗಾರ ಬಿದ್ದ ಕೂಡಲೇ, ನಿಯಮದಂತೆ ಉಳಿದ ನಾಲ್ವರು ಎದ್ದೆವೋ ಬಿದ್ದೆವೋ ಎಂದು ಓಡಿದರು. ಮೂರು ಭಾನುವಾರ ಮುಗಿಯದ ಹೊಡೆದಾಟ ಹದಿನೆಂಟು ನಿಮಿಷದಲ್ಲಿ ಮುಗಿದಿತ್ತು. ಔಷಧಿ ಅಂಗಡಿಯವಳು ಚಪ್ಪಾಳೆ ತಟ್ಟಿದಳು. ಅವನಿಗೂ ಒಂದು ಗಳಿಗೆ ಗೆದ್ದಂತೆಯೇ ಆಯಿತು. ಕಾರ್ಖಾನೆಯಲ್ಲಿ ಒಂದು ಸಾಲಿನಿಂದ ಮೂರು ಸೆಕೆಂಡು ಉಳಿಸಿದಾಗ ಆಗುವಂಥದ್ದೇ ಖುಷಿ. ಅದು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಅವರನ್ನು ಊರೊಳಕ್ಕೆ ಕರೆದೊಯ್ದ. ಬೀದಿ ವರ್ಣಿಸಿದ, ನ್ಯಾಯಾಧೀಶನ ಮನೆಯ ಬಾಗಿಲು ತಟ್ಟಿಸಿದ, ನ್ಯಾಯಾಧೀಶನನ್ನು ಹೊರಗೆ ಬರಿಸಿದ. ನಿಂತ. ಯಾರಾದರೂ ಏನಾದರೂ ಕೇಳಲಿ ಎಂದು ಕಾದ. ಆ ನ್ಯಾಯಾಧೀಶನ ನಿಲುವಂಗಿಯ ಬಲಗೈ ತುದಿಯನ್ನು ಬೇರೆ ಬಣ್ಣದ ದಾರದಲ್ಲಿ ರಫು ಮಾಡಿ ಹೊಲಿದಿತ್ತು. ಲಂಚ ತಿನ್ನದವನ ಬಟ್ಟೆ ಹಾಗಲ್ಲದೆ ಹೇಗಿರಬೇಕು. ತನ್ನ ಟಿಪ್ಪಣಿಯಲ್ಲಿ ಅದನ್ನು ಅವನು ಬರೆದಿಟ್ಟದ್ದೇ ಭಾವ ಕೇಳುತ್ತಾರೆಂದು. ಬೇರೆ ಯಾರು ಕೇಳುತ್ತಾರೆ ಅಂಥದ್ದನ್ನು. ಎಂಟು ತಿಂಗಳಿಂದ ಭಾವನ ಮೇಲೆ ಹಲ್ಲು ಕಡಿಯುತ್ತಲೇ ಭಾವ ಕೇಳಬಹುದಾದ ಪ್ರಶ್ನೆಗಳಿಗೆ ರಾತ್ರಿ ಕೂತು ಉತ್ತರ ಬರೆಯುತ್ತಿದ್ದೆನಲ್ಲ, ನಾನೆಂಥ ಮನುಷ್ಯ ಅನಿಸಿತು.

"ನೀವೇನು ಮಾಡ್ತೀರಿ ಭಾವ?"

"ಇವರು ಏನು ಮಾಡ್ತಾರೋ ಅದೇ."

"ನ್ಯಾಯಾಧೀಶರು ನಿಮ್ಮನ್ನೇ ನೋಡ್ತಿದಾರೆ. ಏನಾದ್ರೂ ಕೇಳ್ತೀರಾ? ಈಗ ಹೊಡೆದಾಟ ಇಲ್ಲ, ನಿಮಿಷದ ಲೆಕ್ಕ ಇಲ್ಲ."

"ಕೇಳೋದೇನಿದೆ. ನೀನು ಮುಂದೆ ಹೇಳು."

ಅವನು ಮುಂದೆ ಹೇಳಿದ. ಎರಡು ತಿಂಗಳ ಊರು ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಯಿತು. ನಾಲ್ಕೂ ಆಗಿರಲಿಲ್ಲ. ಇಷ್ಟು ಬೇಗ ಮನೆಗೆ ಹೋಗಿ ಏನು ಮಾಡುವುದೆಂದು ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಔಷಧಿ ಅಂಗಡಿಯವಳು ಬಿಸ್ಕತ್ತು ತಿನ್ನುತ್ತ, "ಚೆನ್ನಾಗಿತ್ತು. ಆದ್ರೆ ಇವತ್ತು ಯಾಕೋ ಮಜಾ ಬರ್ಲಿಲ್ಲಪ್ಪ" ಅಂದಳು. ಅವಳ ಮೇಲೆ ಅವನಿಗೆ ಎಂಥ ಸಿಟ್ಟು ಬಂತೆಂದರೆ, ಬೇಗ ಬೇಗ ಎಂದು ವಾರವಾರವೂ ಜೀವ ತಿಂದವಳೇ ನೀನಲ್ಲವೇ ಎಂಬ ಮಾತು ಹಲ್ಲಿನವರೆಗೆ ಬಂದು ಅಲ್ಲೇ ನಿಂತಿತು. ತಪ್ಪು ಅವಳದಲ್ಲ. ಬೇಕೆಂದದ್ದು ಅವಳು, ಅಳೆದದ್ದು ಇವನು. ಅವತ್ತೂ ಹಾಗೇ ಆಗಿತ್ತು. ಮ್ಯಾನೇಜರು ಕೇಳಿದ್ದರು, ಇವನು ಬರೆದುಕೊಟ್ಟಿದ್ದ.

ಇಬ್ಬರೂ ಹೋದರು. ಭಾವ ಹೋಗಲಿಲ್ಲ. ಲೋಟಗಳನ್ನು ಒಂದರೊಳಗೊಂದು ಇಟ್ಟು ಅಡುಗೆಮನೆಗೆ ಒಯ್ದು ನಲ್ಲಿ ಬಿಟ್ಟರು. ಬೇಡ ಭಾವ, ನಾನು ತೊಳೀತೀನಿ ಎಂದು ಅವನು ಹಿಂದೆಯೇ ಹೋದ. ಅವರು ಕೇಳಿಸಿಕೊಳ್ಳದೆ ಲೋಟದೊಳಕ್ಕೆ ಬೆರಳಿಟ್ಟು ತಿರುಗಿಸುತ್ತಿದ್ದರು. ಮಧ್ಯಾಹ್ನದ ಬಿಸಿಲು ಅವರ ಕೈಮೇಲೆ ಬಿದ್ದಿತ್ತು. ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಕೂರುತ್ತಿದ್ದ ಕಡೆ ಚರ್ಮ ಇನ್ನೂ ಗಟ್ಟಿಯಾಗಿಯೇ ಇತ್ತು.

"ಮುಂದಿನ ವಾರದಿಂದ ನನ್ನ ಬಿಟ್ಟು ಆಡ್ಕೊಳಿ" ಅಂದರು.

"ಯಾಕೆ ಭಾವ? ಇವತ್ತು ಎಲ್ಲರಿಗಿಂತ ಬೇಗ ಆಡಿದ್ದು ನೀವೇ."

"ಬೇಗ ಮಾಡೋದೇನು ಕಷ್ಟ ಅಲ್ಲ ಕಣೋ. ಆಗಲೂ ಬರ್ತಿತ್ತು."

ಆಗ ಎಂದರೆ ಯಾವಾಗ ಎಂದು ಅವನು ಕೇಳಲಿಲ್ಲ. ನಲ್ಲಿಯನ್ನು ನಿಲ್ಲಿಸಿದ.

"ಬೇಕಿದ್ರೆ ಆ ನಿಯಮ ತೆಗೆದುಹಾಕ್ತೀನಿ" ಅಂದ. "ಹರಿದು ಬಿಸಾಕ್ತೀನಿ. ಅದು ನಿಮಗೆ ಅಂತ ಬರೆದದ್ದಲ್ಲ."

"ನನಗೇ ಅಂತ ಬರೆದದ್ದು. ಇರ್ಲಿ ಬಿಡು, ಅದಕ್ಕೇನಂತೆ." ಭಾವ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಸಿಕ್ಕಿದ್ದನ್ನು ಒಮ್ಮೆ ಬೆರಳ ನಡುವೆ ಉಜ್ಜಿ ನೋಡಿ ಒರೆಸಿಕೊಂಡರು. "ಅವತ್ತು ನೀನು ಮೇಲಿನ ಗಾಜಿನ ರೂಮಲ್ಲಿ ನಿಂತಿದ್ದೆಯಲ್ಲ. ಕೆಳಗಿಂದ ಮುಖ ಕಾಣ್ತಿರಲಿಲ್ಲ. ಶರಟು ಕಾಣ್ತಿತ್ತು. ಆ ಶರಟು ನಾನೇ ಕಟ್ ಮಾಡಿಕೊಟ್ಟಿದ್ದು, ನಿನ್ನ ಮದುವೆಗೆ. ಭುಜ ನೋಡಿದ್ರೆ ನನಗೆ ಗೊತ್ತಾಗಲ್ವಾ."

ಎರಡು ವರ್ಷ. ಎಂಟು ತಿಂಗಳ ಭಾನುವಾರಗಳು. ಎಲ್ಲ ಗೊತ್ತಿದ್ದೇ ಈ ಮನುಷ್ಯ ಬಿಸ್ಕತ್ತು ತಂದು ಮೇಜಿನ ನಡುವೆ ಇಡುತ್ತಿದ್ದರು. ‘ಭಾವ, ನಾನು’ ಎಂದು ಶುರುಮಾಡಿದ. ಭಾವ ಕೈಯಾಡಿಸಿ ತಡೆದರು. ಬೈಯುವವರ ಮುಖ ಅದಾಗಿರಲಿಲ್ಲ. ಅದಕ್ಕಿಂತ ಕಷ್ಟದ ಮುಖವಾಗಿತ್ತು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಲು ಸಂಕೋಚಪಡುತ್ತಿರುವವರ ಮುಖ.

"ಟೈಮ್ ಬರ್ಕೋತಿದೀಯ ಅಂತ ನನಗೇನು ಗೊತ್ತು. ನಮ್ಮ ಕಡೆ ನೀನು ಯಾವತ್ತೂ ಬಂದಿರಲಿಲ್ಲವಲ್ಲ, ಇಷ್ಟು ವರ್ಷದಲ್ಲಿ ಒಂದ್ಸಲಾನೂ. ಇವತ್ತು ನನ್ನ ಕೆಲಸ ನೋಡೋಕೆ ಬಂದಿದಾನೆ ಅನ್ಕೊಂಡೆ. ಅರ್ಜೆಂಟು ಮಾಡೋದು ಬೇಡ, ಹೆಂಗೆ ಮಾಡ್ತಾರೆ ಅಂತ ಸರಿಯಾಗಿ ತೋರ್ಸೋಣ ಅಂತ, ಒಂದೊಂದೇ ನಿಧಾನಕ್ಕೆ ಮಾಡ್ದೆ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದ್ಸಲ ಮಾಡಿಲ್ಲ ನಾನು." ಒರೆಸಿದ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಚಿದರು. "ಹೆಂಗಿತ್ತು ಕಣೋ, ನೋಡೋಕೆ?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ಗಾಜಿತ್ತು, ಗಾಜಿನ ಮೇಲೆ ಧೂಳಿತ್ತು, ಕೈಯಲ್ಲಿ ಗಡಿಯಾರವಿತ್ತು, ಅದರ ಮುಳ್ಳು ಹನ್ನೊಂದು ದಾಟಿ ಹೋಗುತ್ತಿತ್ತು. ಕೆಳಗೆ ಒಂದು ಉದ್ದನೆಯ ಮೇಜು, ಅದರ ಮೇಲೆ ಯಾವುದೋ ಬಣ್ಣದ ಬಟ್ಟೆ. ನೀಲಿಯೋ, ಬೂದಿಯೋ. ಆ ಬಟ್ಟೆಯ ಮೇಲೆ ಎರಡು ಕೈಗಳು ಇದ್ದಿರಲೇಬೇಕು. ಎಷ್ಟು ಹುಡುಕಿದರೂ ಅವು ಏನು ಮಾಡುತ್ತಿದ್ದವೆಂಬುದು ಅವನಿಗೆ ಸಿಗಲಿಲ್ಲ. ಚೆನ್ನಾಗಿತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಭಾವ ಕಾಯುತ್ತ ನಿಂತಿದ್ದರು. ಅವರಿಗೆ ಅವಸರವೇನೂ ಇರಲಿಲ್ಲ.